ಓವಿ (ಓವರ್‌ವೋಲ್ಟೇಜ್) ಮಿತಿ 11.5ಕ್ಕೆ ಇಟ್ಟರೆ ಟ್ರಿಪ್ ಆಗುತ್ತದೆ, 13.2ಕ್ಕೆ ಇಟ್ಟರೆ ಆಗುವುದೇ ಇಲ್ಲ

ಸೊನ್ನೆವೋಲ್ಟ್

ಎಲ್ಲರಿಗೂ ನಮಸ್ಕಾರ. ಒಂದು ಸಿಂಕ್ರೊನಸ್ ಬಕ್ ಕನ್ವರ್ಟರ್‌ನ (ಎರಡು ಫೆಟ್ ಸ್ವಿಚ್‌ಗಳಿಂದ ವೋಲ್ಟೇಜ್ ಇಳಿಸುವ ಸರ್ಕ್ಯೂಟ್) ಫರ್ಮ್‌ವೇರ್ ನೋಡಿಕೊಳ್ಳುತ್ತಿದ್ದೇನೆ. ಬೋರ್ಡ್ ಮಾಡಿದವರು ಬೇರೆ. ಇನ್‌ಪುಟ್ 36ರಿಂದ 60 ವೋಲ್ಟ್, ಔಟ್‌ಪುಟ್ 12 ವೋಲ್ಟ್, 20 ಆಂಪಿಯರ್. ಸ್ವಿಚಿಂಗ್ 200 ಕಿಲೋಹರ್ಟ್ಸ್. ಇಂಡಕ್ಟರ್ 10 ಮೈಕ್ರೋಹೆನ್ರಿ, ಔಟ್‌ಪುಟ್ ಕೆಪಾಸಿಟರ್ ಒಟ್ಟು 470 ಮೈಕ್ರೋಫ್ಯಾರಡ್. ಕಂಟ್ರೋಲ್ ಲೂಪ್ ಪೂರ್ತಿ ಮೈಕ್ರೋಕಂಟ್ರೋಲರ್ ಒಳಗೇ ಇದೆ. ವೋಲ್ಟೇಜನ್ನು ಸಂಖ್ಯೆಯಾಗಿಸುವ ಎಡಿಸಿ 12 ಬಿಟ್, ಅದರ ರೆಫರೆನ್ಸ್ 3.3 ವೋಲ್ಟ್. ಹೊರಗಿನಿಂದ ಸೆಟ್ಟಿಂಗ್ ಬರುವುದು ಪಿಎಂಬಸ್ (ಪವರ್ ಸಪ್ಲೈಗಳಿಗೆ ಆಜ್ಞೆ ಕಳಿಸುವ ಬಸ್) ಮೂಲಕ.

ಲೋಡ್ ಕಡೆಯವರು ಕೊಟ್ಟಿರುವ ಲೆಕ್ಕ 12 ವೋಲ್ಟ್, ಹೆಚ್ಚು ಕಡಿಮೆ 5%. ಅಂದರೆ 11.4ರಿಂದ 12.6. ಯಾವ ಕಾರಣಕ್ಕೂ 15 ವೋಲ್ಟ್ ದಾಟಬಾರದು. ಹಾಗಾಗಿ ವಿಔಟ್ ಮ್ಯಾಕ್ಸ್ (ಕೇಳಬಹುದಾದ ಗರಿಷ್ಠ ಔಟ್‌ಪುಟ್) 12.6, ಓವಿ ವಾರ್ನಿಂಗ್ 12.9, ಓವಿ ಫಾಲ್ಟ್ (ಟ್ರಿಪ್ ಆಗಿ ಕನ್ವರ್ಟರ್ ನಿಲ್ಲುವ ಮಿತಿ) 13.2 ಎಂದು ಇಟ್ಟಿದ್ದೇನೆ.

ಈಗ ಸಮಸ್ಯೆ. ಓವಿ ಫಾಲ್ಟ್ ಮಿತಿಯನ್ನು 11.5ಕ್ಕೆ ಇಳಿಸಿದರೆ ತಕ್ಷಣ ಟ್ರಿಪ್ ಆಗುತ್ತದೆ. ಕೋಡ್ ಸರಿಯಿದೆ ಎಂದುಕೊಂಡೆ. ಆಮೇಲೆ ಮಿತಿಯನ್ನು 13.2ಕ್ಕೆ ವಾಪಸ್ ಇಟ್ಟು, ಪಿಡಬ್ಲ್ಯೂಎಂ (ಫೆಟ್‌ಗಳನ್ನು ಆನ್-ಆಫ್ ಮಾಡುವ ಸಿಗ್ನಲ್) ನಿಲ್ಲಿಸಿ, ಬೆಂಚ್ ಸಪ್ಲೈನಿಂದ ಡಯೋಡ್ ಮೂಲಕ ಔಟ್‌ಪುಟ್‌ಗೆ 14 ವೋಲ್ಟ್ ಕೊಟ್ಟೆ. ವಾರ್ನಿಂಗ್ ಬಿಟ್ ಬರುತ್ತದೆ. ಫಾಲ್ಟ್ ಬರುವುದಿಲ್ಲ. ಮೀಟರ್ 14 ತೋರಿಸುತ್ತಿದ್ದರೆ ರೀಡ್ ವಿಔಟ್ (ಫರ್ಮ್‌ವೇರ್ ಅಳೆದ ಔಟ್‌ಪುಟ್) 13.197ರಲ್ಲಿ ನಿಂತಿರುತ್ತದೆ. ಹೋಲಿಕೆ ಮಾಡುವ ಸಾಲು ಎರಡೂ ಸಂದರ್ಭಕ್ಕೆ ಒಂದೇ. ಎಲ್ಲಿ ನೋಡಬೇಕು?

ಹಳೇಸೋಲ್ಡರ್

ಕೋಡ್ ಬಿಡಿ. ಔಟ್‌ಪುಟ್ ಅನ್ನು ಇಳಿಸಿ ಎಡಿಸಿಗೆ ಕೊಡುವ ನಿಮ್ಮ ಡಿವೈಡರ್ ನಾಲ್ಕಕ್ಕೆ ಒಂದು ಅಲ್ವಾ? ಮೇಲೆ 30 ಕಿಲೋಓಮ್, ಕೆಳಗೆ 10 ಕಿಲೋಓಮ್, ಇಲ್ಲಾ ಅದೇ ಅನುಪಾತದ ಇನ್ನೊಂದು ಜೋಡಿ ಇರಬೇಕು.

ಸೊನ್ನೆವೋಲ್ಟ್

ಹೌದು ಸರ್, 30 ಮತ್ತು 10. ಲೂಪ್‌ಗೆ ಒಂದು ಡಿವೈಡರ್, ಮಾನಿಟರ್‌ಗೆ ಇನ್ನೊಂದು, ಎರಡರಲ್ಲೂ ಅದೇ ಬೆಲೆಗಳು. ಲೂಪ್ ಚಾನೆಲ್‌ನಲ್ಲಿ 1 ನ್ಯಾನೋಫ್ಯಾರಡ್, ಮಾನಿಟರ್ ಚಾನೆಲ್‌ನಲ್ಲಿ 100 ನ್ಯಾನೋಫ್ಯಾರಡ್ ಇದೆ. ಬೋರ್ಡ್ ನೋಡದೆ ಹೇಗೆ ಗೊತ್ತಾಯಿತು?

ಹಳೇಸೋಲ್ಡರ್

13.197 ಹೇಳಿಬಿಟ್ಟಿತು. ನಾಲ್ಕಕ್ಕೆ ಒಂದು ಡಿವೈಡರ್, 3.3 ರೆಫರೆನ್ಸ್ ಇದ್ದರೆ ಎಡಿಸಿಯ ಫುಲ್ ಸ್ಕೇಲ್ 13.2 ವೋಲ್ಟ್. 12 ಬಿಟ್ ಎಡಿಸಿ 4095ಕ್ಕಿಂತ ಮೇಲೆ ಎಣಿಸುವುದಿಲ್ಲ. 4095ನ್ನು ವೋಲ್ಟ್‌ಗೆ ತಿರುಗಿಸಿದರೆ 13.197. ನೀವು ಇಟ್ಟ 13.2 ಮಿತಿ ಎಣಿಕೆಯಲ್ಲಿ 4096. ಆ ಸಂಖ್ಯೆ ಎಡಿಸಿಯಿಂದ ಎಂದೂ ಹೊರಬರುವುದಿಲ್ಲ. ಔಟ್‌ಪುಟ್ 14 ಆಗಲಿ, 40 ಆಗಲಿ, ಫರ್ಮ್‌ವೇರ್‌ಗೆ ಕಾಣುವುದು 13.197 ಮಾತ್ರ. ಮಿತಿ ಬರೆದಿದೆ, ರಿಜಿಸ್ಟರ್‌ನಲ್ಲಿ ಕೂತಿದೆ, ಆದರೆ ಅದು ಕೆಲಸಕ್ಕೆ ಬಾರದು.

ನಿಮ್ಮ 11.5ರ ಪರೀಕ್ಷೆ ಯಾಕೆ ಪಾಸಾಯಿತು ಎನ್ನುವುದೂ ಇದರಲ್ಲೇ ಇದೆ. ಮಿತಿಯನ್ನು ಔಟ್‌ಪುಟ್‌ಗಿಂತ ಕೆಳಗೆ ತಂದು ಟ್ರಿಪ್ ಮಾಡಿಸಿದರೆ ಹೋಲಿಸುವ ಸಾಲು ಮತ್ತು ಪಿಡಬ್ಲ್ಯೂಎಂ ನಿಲ್ಲಿಸುವ ಸಾಲು ಸರಿಯಿದೆ ಎಂದಷ್ಟೇ ತಿಳಿಯುತ್ತದೆ. ಅಳತೆಯ ದಾರಿ ಆ ಎತ್ತರದವರೆಗೆ ಹೋಗುತ್ತದೆಯೇ ಎಂದು ತಿಳಿಯುವುದಿಲ್ಲ. ಬಹಳ ಕಡೆ ಪರೀಕ್ಷೆ ಇಷ್ಟಕ್ಕೇ ಮುಗಿಯುತ್ತದೆ, ಯಾಕೆಂದರೆ ಮಿತಿ ಇಳಿಸುವುದು ಸುಲಭ, ಔಟ್‌ಪುಟ್ ಏರಿಸಲು ಭಯ.

ಆ ಭಯ ತಪ್ಪಲ್ಲ ಅನ್ನಿ. ಪಿಡಬ್ಲ್ಯೂಎಂ ನಿಲ್ಲಿಸಿ ಮಾಡಿದ್ದು ಒಳ್ಳೆಯದಾಯಿತು. ಓಡುತ್ತಿರುವ ಸಿಂಕ್ರೊನಸ್ ಬಕ್‌ನ ಔಟ್‌ಪುಟ್‌ಗೆ ಹೊರಗಿನಿಂದ ಜಾಸ್ತಿ ವೋಲ್ಟೇಜ್ ಕೊಟ್ಟರೆ ಅದು ತಲೆಕೆಳಗಾಗಿ ಬೂಸ್ಟ್ ಥರ ಓಡುತ್ತದೆ. ಇನ್‌ಪುಟ್ ಬಸ್ ಏರುತ್ತದೆ. ಲೂಪ್‌ನ ಇಂಟಿಗ್ರೇಟರ್ (ತಪ್ಪನ್ನು ಕೂಡಿಸುತ್ತಾ ಹೋಗುವ ಭಾಗ) ಡ್ಯೂಟಿಯನ್ನು, ಅಂದರೆ ಮೇಲಿನ ಫೆಟ್ ಆನ್ ಇರುವ ಪಾಲನ್ನು, ಸೊನ್ನೆಗೆ ಎಳೆದರೆ ಕೆಳಗಿನ ಫೆಟ್ ಪೂರ್ತಿ ಆನ್ ಆಗಿ ನಿಮ್ಮ ಬೆಂಚ್ ಸಪ್ಲೈ ಶಾರ್ಟ್ ಆಗುತ್ತದೆ. ಓದುತ್ತಿರುವ ಬೇರೆಯವರೂ ಗಮನಿಸಿ.

ತಾಮ್ರತಂತಿ

ಹಾಗಾದರೆ ಮಿತಿಯನ್ನು 13.0ಕ್ಕೆ ಇಳಿಸಿದರೆ ಮುಗಿಯಿತಲ್ಲ. ಅದಕ್ಕೆ ಬೋರ್ಡ್ ಬದಲಿಸಬೇಕೇ?

ಲೂಪ್‌ಗೇನ್

ಮುಗಿಯುವುದಿಲ್ಲ. ಆ 100 ನ್ಯಾನೋಫ್ಯಾರಡ್ ನೋಡಿದಿರಾ? 30 ಮತ್ತು 10 ಕಿಲೋಓಮ್ ಸಮಾನಾಂತರದಲ್ಲಿ 7.5 ಕಿಲೋಓಮ್. ಅದನ್ನು 100 ನ್ಯಾನೋಫ್ಯಾರಡ್‌ನಿಂದ ಗುಣಿಸಿದರೆ ಟೈಮ್ ಕಾನ್‌ಸ್ಟಂಟ್ 750 ಮೈಕ್ರೋಸೆಕೆಂಡ್. ಟೆಲಿಮೆಟ್ರಿಯಲ್ಲಿ (ಬಸ್‌ಗೆ ಕಳಿಸುವ ಅಳತೆಯಲ್ಲಿ) ಅಂಕಿ ಕುಣಿಯದೆ ನಿಲ್ಲಲಿ ಎಂದು ಹಾಕಿರುತ್ತಾರೆ. ಅದಕ್ಕೆ ಒಳ್ಳೆಯದೇ. ಅದೇ ಚಾನೆಲ್‌ನಿಂದ ರಕ್ಷಣೆ ಮಾಡಲು ಹೊರಟರೆ ಕಷ್ಟ.

ಒಂದು ಅಂದಾಜು ಹಾಕೋಣ. ಇನ್‌ಪುಟ್ 60 ವೋಲ್ಟ್ ಇದ್ದಾಗ ಮೇಲಿನ ಫೆಟ್ ಆನ್ ಆಗಿಯೇ ಉಳಿಯಿತು ಎಂದುಕೊಳ್ಳಿ. ಇಂಡಕ್ಟರ್ ಮೇಲೆ ಸುಮಾರು 47 ವೋಲ್ಟ್, ಇಂಡಕ್ಟನ್ಸ್ 10 ಮೈಕ್ರೋಹೆನ್ರಿ. ಕರೆಂಟ್ ಪ್ರತಿ ಮೈಕ್ರೋಸೆಕೆಂಡ್‌ಗೆ 4.7 ಆಂಪಿಯರ್ ಏರುತ್ತದೆ. ಲೋಡ್ ಕುಡಿದು ಉಳಿದದ್ದೆಲ್ಲ 470 ಮೈಕ್ರೋಫ್ಯಾರಡ್‌ಗೆ ಹೋಗುತ್ತದೆ. 12ರಿಂದ 15 ವೋಲ್ಟ್ ಮುಟ್ಟಲು ಸುಮಾರು 25 ಮೈಕ್ರೋಸೆಕೆಂಡ್ ಸಾಕು. ಇಂಡಕ್ಟರ್ ಸ್ಯಾಚುರೇಟ್ ಆದರೆ ಅದಕ್ಕಿಂತಲೂ ಬೇಗ. ನಿಮ್ಮ ಫಿಲ್ಟರ್ ಆ ಹೊತ್ತಿಗೆ ಕಣ್ಣುಜ್ಜಿಕೊಳ್ಳುತ್ತಾ ಏಳುತ್ತಿರುತ್ತದೆ.

ಓವರ್‌ಕರೆಂಟ್ ಮೊದಲೇ ಹಿಡಿಯುತ್ತದೆ ಎನ್ನಬಹುದು. ಹಿಡಿಯಲಿ. ಅದನ್ನು ನಂಬಿ ಓವರ್‌ವೋಲ್ಟೇಜ್ ಮಿತಿ ಇಡಬಾರದು.

ರಿಪಲ್‌ರಾಣಿ

ಡಿವೈಡರ್ ಸಿಕ್ಕಿತು, ಫಿಲ್ಟರ್ ಸಿಕ್ಕಿತು, ಸರಿ. ಆದರೆ ಸೊನ್ನೆವೋಲ್ಟ್ ಅವರು ಮಿತಿ ಇಟ್ಟ ಕ್ರಮದ ಬಗ್ಗೆಯೇ ನನಗೆ ತಕರಾರು ಇದೆ. 12ರಿಂದ ಶುರು ಮಾಡಿ 12.6, 12.9, 13.2 ಎಂದು ಸಮ ಮೆಟ್ಟಿಲಲ್ಲಿ ಮೇಲೆ ಹೋಗಿದ್ದೀರಿ. ನಾನು 15ರಿಂದ ಕೆಳಗೆ ಬರುತ್ತೇನೆ. ಏನನ್ನು ಉಳಿಸಬೇಕೋ ಅಲ್ಲಿಂದ ಲೆಕ್ಕ ಶುರುವಾಗಬೇಕು.

ಅದಕ್ಕೂ ಮೊದಲು ಎರಡು ಬಗೆಯ ಮಿತಿಗಳನ್ನು ಬೇರೆ ಮಾಡಿಕೊಳ್ಳಿ. ವಿಔಟ್ ಮ್ಯಾಕ್ಸ್ ಎನ್ನುವುದು ಆಜ್ಞೆಯ ಮೇಲಿನ ಮಿತಿ. ಯಾರಾದರೂ ಬಸ್‌ನಿಂದ 14 ಕೇಳಿದರೆ ಕನ್ವರ್ಟರ್ 12.6ಕ್ಕೆ ನಿಲ್ಲಿಸಿ ವಾರ್ನಿಂಗ್ ಎತ್ತುತ್ತದೆ, ಅಷ್ಟೇ. ಅದು ಏನನ್ನೂ ಅಳೆಯುವುದಿಲ್ಲ. ಡಿವೈಡರ್‌ನ ಮೇಲಿನ ರೆಸಿಸ್ಟರ್ ಕಿತ್ತುಹೋಗಿ ಲೂಪ್‌ಗೆ ಸೊನ್ನೆ ಕಾಣುತ್ತಿದ್ದರೆ ಔಟ್‌ಪುಟ್ ಡ್ಯೂಟಿ ಹೋದಷ್ಟೂ ಹೋಗುತ್ತದೆ. ಆಗಲೂ ವಿಔಟ್ ಮ್ಯಾಕ್ಸ್ 12.6 ಎಂದೇ ಹೇಳುತ್ತಿರುತ್ತದೆ. ಓವಿ ಫಾಲ್ಟ್ ಅಳತೆಯ ಮೇಲಿನ ಮಿತಿ. ಮೊದಲನೆಯದು ತಪ್ಪು ಸಂಖ್ಯೆಯಿಂದ ಕಾಪಾಡುತ್ತದೆ, ಎರಡನೆಯದು ಕೆಟ್ಟ ಹಾರ್ಡ್‌ವೇರ್‌ನಿಂದ. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

ಈಗ ಮೇಲಿನಿಂದ ಬರೋಣ. ಟ್ರಿಪ್ ಆದ ಮೇಲೂ ಔಟ್‌ಪುಟ್ ಅಲ್ಲೇ ನಿಲ್ಲುವುದಿಲ್ಲ. ಇಂಡಕ್ಟರ್‌ನಲ್ಲಿ ಕೂತ ಶಕ್ತಿ ಕೆಪಾಸಿಟರ್‌ಗೆ ಸುರಿಯುತ್ತದೆ. ಲೋಡ್ ಹಠಾತ್ತನೆ ಕಳಚಿತು, ಇಂಡಕ್ಟರ್‌ನಲ್ಲಿ 22 ಆಂಪಿಯರ್ ಇದೆ, 13.5ರಲ್ಲಿ ಟ್ರಿಪ್ ಆಯಿತು ಎಂದುಕೊಳ್ಳಿ. 13.5ರ ವರ್ಗ 182.25. ಅದಕ್ಕೆ ಇಂಡಕ್ಟನ್ಸ್ ಭಾಗಿಸು ಕೆಪಾಸಿಟನ್ಸ್, ಗುಣಿಸು ಕರೆಂಟ್‌ನ ವರ್ಗ, ಅಂದರೆ ಸುಮಾರು 10.3 ಸೇರಿಸಿ. ವರ್ಗಮೂಲ ತೆಗೆದರೆ 13.88. ಸುಮಾರು 0.4 ವೋಲ್ಟ್ ಮೇಲೆ ಹೋಗಿಯೇ ನಿಲ್ಲುತ್ತದೆ. ಫಾಲ್ಟ್‌ನಲ್ಲಿ ಕರೆಂಟ್ ಇದಕ್ಕಿಂತ ಜಾಸ್ತಿ ಇದ್ದರೆ ಏರಿಕೆಯೂ ಜಾಸ್ತಿ. ಕರೆಂಟ್‌ನ ವರ್ಗ ಇದೆ ನೋಡಿ, ಹಾಗಾಗಿ ಓವರ್‌ಕರೆಂಟ್ ಮಿತಿ ಎಷ್ಟು ಎನ್ನುವುದೂ ಈ ಲೆಕ್ಕದೊಳಗೆ ಬರುತ್ತದೆ.

ಆಮೇಲೆ ಅಳತೆಯ ತಪ್ಪು. 1% ರೆಸಿಸ್ಟರ್‌ಗಳ ಡಿವೈಡರ್‌ನಲ್ಲಿ ಎರಡೂ ಉಲ್ಟಾ ದಿಕ್ಕಿಗೆ ಸರಿದರೆ ಸುಮಾರು 1.6% ತಪ್ಪು. ರೆಫರೆನ್ಸ್‌ನದು ಇನ್ನೊಂದು 1% ಎಂದರೆ ಒಟ್ಟು 2.6%. 13.5 ಎಂದು ಬರೆದ ಮಿತಿ ನಿಜದಲ್ಲಿ 13.15ರಿಂದ 13.85ರ ನಡುವೆ ಎಲ್ಲಾದರೂ ಇರಬಹುದು. ಮೇಲಿನ ತುದಿಗೆ 0.4 ಸೇರಿಸಿದರೂ 14.25. 15ಕ್ಕೆ ಇನ್ನೂ ಜಾಗ ಇದೆ. ಕೆಳಗಿನ ತುದಿ 13.15, ಲೋಡ್ ಇಳಿದಾಗ ಬರುವ ಮಾಮೂಲಿ ಜಿಗಿತ ಅದಕ್ಕೆ ತಗುಲದಿದ್ದರೆ ಸಾಕು. ಹಾಗಾಗಿ ಈ ಬೋರ್ಡ್‌ಗೆ 13.5 ಒಳ್ಳೆಯ ಮಿತಿ.

ಇನ್ನೊಂದು ಮಾತು. ಇದೇ 2.6% ತಪ್ಪು ರೆಗ್ಯುಲೇಷನ್‌ಗೂ ಅನ್ವಯಿಸುತ್ತದೆ. ವಿಔಟ್ ಮ್ಯಾಕ್ಸ್ 12.6 ಎಂದು ಇಟ್ಟರೆ ನಿಜವಾದ ಔಟ್‌ಪುಟ್ 12.93ರವರೆಗೆ ಹೋಗಬಹುದು. ಲೋಡ್‌ನವರ 12.6 ದಾಟಿತು. ಅವರ 12.6 ಉಳಿಯಬೇಕಾದರೆ ನೀವು 12.27ಕ್ಕೆ ನಿಲ್ಲಿಸಬೇಕು. ಇಲ್ಲವಾದರೆ ಡಿವೈಡರ್‌ಗೆ 0.1% ರೆಸಿಸ್ಟರ್, 0.5% ರೆಫರೆನ್ಸ್ ಹಾಕಿ. ಆಗ ತಪ್ಪು 0.7%ರ ಒಳಗೆ ಬರುತ್ತದೆ, 12.5 ಇಡಬಹುದು. ಬೋರ್ಡ್ ಹೇಗೂ ಬದಲಾಗುತ್ತಿದೆ, ಅದನ್ನೇ ಮಾಡಿ.

ಸೊನ್ನೆವೋಲ್ಟ್

ಮೇಡಂ, 15ರಿಂದ ಕೆಳಗೆ ಬರುವ ಲೆಕ್ಕ ಅರ್ಥವಾಯಿತು. ಹಾರ್ಡ್‌ವೇರ್‌ನವರ ಜೊತೆ ಮಾತಾಡಿದೆ. ಡಿವೈಡರ್ 4.7 ಕಿಲೋಓಮ್ ಮತ್ತು 1 ಕಿಲೋಓಮ್ ಮಾಡಲು ಒಪ್ಪಿದ್ದಾರೆ. 12 ವೋಲ್ಟ್‌ಗೆ ಪಿನ್ ಮೇಲೆ 2.1 ವೋಲ್ಟ್, ಫುಲ್ ಸ್ಕೇಲ್ 18.8 ವೋಲ್ಟ್. ಕೆಪಾಸಿಟರ್ 1 ನ್ಯಾನೋಫ್ಯಾರಡ್ ಆದರೆ ಟೈಮ್ ಕಾನ್‌ಸ್ಟಂಟ್ 0.8 ಮೈಕ್ರೋಸೆಕೆಂಡ್. ಟೆಲಿಮೆಟ್ರಿಗೆ ಬೇಕಾದ ಸರಾಸರಿಯನ್ನು ಸಾಫ್ಟ್‌ವೇರ್‌ನಲ್ಲೇ ಮಾಡುತ್ತೇನೆ. ಆದರೆ ಒಂದು ಎಣಿಕೆ 3.2 ಮಿಲಿವೋಲ್ಟ್‌ನಿಂದ 4.6 ಮಿಲಿವೋಲ್ಟ್‌ಗೆ ಏರುತ್ತದೆ. ರೆಸಲ್ಯೂಷನ್ ಕಳೆದುಕೊಳ್ಳುತ್ತೇವೆ ಎಂದು ಅವರಿಗೆ ಬೇಸರ.

ಲೂಪ್‌ಗೇನ್

ಬೇಸರ ಬೇಡ. 4.6 ಮಿಲಿವೋಲ್ಟ್ ಎಂದರೆ 12 ವೋಲ್ಟ್‌ನಲ್ಲಿ 0.04%. ನಿಮ್ಮ ರೆಸಿಸ್ಟರ್ ತಪ್ಪಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಒಂದು ಕಡೆಯಿಂದ ನೋಡಿದರೆ ಒಳ್ಳೆಯದೇ ಆಯಿತು. ಪಿಡಬ್ಲ್ಯೂಎಂನ ಒಂದು ಹೆಜ್ಜೆ ಎಡಿಸಿಯ ಒಂದು ಹೆಜ್ಜೆಗಿಂತ ಸಣ್ಣದಿರಬೇಕು. ಇಲ್ಲದಿದ್ದರೆ ಔಟ್‌ಪುಟ್ ಎರಡು ಮೌಲ್ಯಗಳ ನಡುವೆ ಓಲಾಡುತ್ತಲೇ ಇರುತ್ತದೆ. ಇದೇ ಲಿಮಿಟ್ ಸೈಕಲ್. ಪೀಟರ್ಚೆವ್ ಮತ್ತು ಸ್ಯಾಂಡರ್ಸ್ 2003ರಲ್ಲಿ ಇದರ ಷರತ್ತುಗಳನ್ನು ಬಿಡಿಸಿ ಬರೆದಿದ್ದಾರೆ.

ನಿಮ್ಮ ಪಿಡಬ್ಲ್ಯೂಎಂ ಯಾವುದು? 100 ಮೆಗಾಹರ್ಟ್ಸ್‌ನ ಮಾಮೂಲಿ ಟೈಮರ್ ಆದರೆ 200 ಕಿಲೋಹರ್ಟ್ಸ್‌ಗೆ 500 ಹೆಜ್ಜೆ ಮಾತ್ರ. 60 ವೋಲ್ಟ್ ಇನ್‌ಪುಟ್‌ನಲ್ಲಿ ಒಂದು ಹೆಜ್ಜೆಗೆ ಔಟ್‌ಪುಟ್ 120 ಮಿಲಿವೋಲ್ಟ್ ಜಿಗಿಯುತ್ತದೆ. ಆಗ ಡಿವೈಡರ್ ಬಗ್ಗೆ ತಲೆ ಕೆಡಿಸಿಕೊಳ್ಳುವುದು ದಂಡ.

ಸೊನ್ನೆವೋಲ್ಟ್

ಹೈ ರೆಸಲ್ಯೂಷನ್ ಪಿಡಬ್ಲ್ಯೂಎಂ ಇದೆ, 150 ಪಿಕೋಸೆಕೆಂಡ್.

ಲೂಪ್‌ಗೇನ್

ಹಾಗಾದರೆ ಒಂದು ಹೆಜ್ಜೆಗೆ 1.8 ಮಿಲಿವೋಲ್ಟ್. ಚೆನ್ನಾಗಿದೆ. ಮುಂದಕ್ಕೆ ಹೋಗಿ.

ತಾಮ್ರತಂತಿ

ನನಗೆ ಇಷ್ಟೊಂದು ಮಿತಿಗಳು ಯಾಕೆ ಎಂದೇ ಅರ್ಥವಾಗುತ್ತಿಲ್ಲ. ಡ್ಯೂಟಿಗೆ ಒಂದು ಗರಿಷ್ಠ ಮಿತಿ ಹಾಕಿಬಿಟ್ಟರೆ ಔಟ್‌ಪುಟ್ ತಾನಾಗಿಯೇ ನಿಲ್ಲುತ್ತದೆ. ಬಕ್‌ನಲ್ಲಿ ಔಟ್‌ಪುಟ್ ಎಂದರೆ ಡ್ಯೂಟಿ ಗುಣಿಸು ಇನ್‌ಪುಟ್ ತಾನೇ? 40%ಗೆ ಕಟ್ಟಿ ಹಾಕಿ. ಅಳತೆಯೂ ಬೇಡ, ಕಂಪೇರೇಟರೂ (ಎರಡು ವೋಲ್ಟೇಜ್ ಹೋಲಿಸುವ ಸರ್ಕ್ಯೂಟ್) ಬೇಡ.

ರಿಪಲ್‌ರಾಣಿ

36 ವೋಲ್ಟ್ ಇನ್‌ಪುಟ್‌ಗೆ 40% ಎಂದರೆ 14.4. ಸರಿ ಅನ್ನಿಸುತ್ತದೆ. ಅದೇ 40% ಅನ್ನು 60ಕ್ಕೆ ಹಾಕಿ ನೋಡಿ, 24 ವೋಲ್ಟ್. ಲೋಡ್ ಸತ್ತಿತು. 60ಕ್ಕೆ ಸರಿಯಾಗಲಿ ಎಂದು 24%ಗೆ ಕಟ್ಟಿದರೆ 36ರಲ್ಲಿ ಔಟ್‌ಪುಟ್ 8.6ಕ್ಕಿಂತ ಮೇಲೆ ಏಳುವುದೇ ಇಲ್ಲ.

ತಾಮ್ರತಂತಿ

ಇನ್‌ಪುಟ್ ಅಳೆದು ಮಿತಿಯನ್ನು ಬದಲಿಸುತ್ತಾ ಹೋಗಬಹುದಲ್ಲ? 13.5 ಭಾಗಿಸು ಇನ್‌ಪುಟ್. 36ಕ್ಕೆ 37.5%, 60ಕ್ಕೆ 22.5%.

ರಿಪಲ್‌ರಾಣಿ

ಅದು ಒಳ್ಳೆಯ ಮಾತು. ನಾನೂ ಅದನ್ನು ಹಾಕುತ್ತೇನೆ, ಆದರೆ ಇನ್ನೊಂದು ಪದರವಾಗಿ. ಅದನ್ನೇ ಪೂರ್ತಿ ನಂಬಿದರೆ ಎರಡು ತೊಂದರೆ ಇವೆ. ಲೋಡ್ ಒಮ್ಮೆಗೇ ಏರಿದಾಗ ಕರೆಂಟ್ ಬೇಗ ಏರಲಿ ಎಂದು ಲೂಪ್ ಸ್ವಲ್ಪ ಹೊತ್ತು ಜಾಸ್ತಿ ಡ್ಯೂಟಿ ಕೇಳುತ್ತದೆ. ಬಿಗಿಯಾಗಿ ಕಟ್ಟಿದರೆ ಔಟ್‌ಪುಟ್ ಕುಸಿತ ದೊಡ್ಡದಾಗುತ್ತದೆ. ಸಡಿಲ ಬಿಟ್ಟರೆ ಮಿತಿಯ ಅರ್ಥ ಹೋಗುತ್ತದೆ. ಎರಡನೆಯದು, ಮೇಲಿನ ಫೆಟ್ ಶಾರ್ಟ್ ಆದರೆ ಡ್ಯೂಟಿ ಎನ್ನುವುದೇ ಇಲ್ಲ.

ಇಲ್ಲಿ ಇಂಟಿಗ್ರೇಟರ್ ಬಗ್ಗೆಯೂ ಹೇಳಬೇಕು. ಡ್ಯೂಟಿಗೆ ಮಿತಿ ಹಾಕಿದ ಕಡೆಯೆಲ್ಲ ಇಂಟಿಗ್ರೇಟರ್‌ಗೂ ಅದೇ ಮಿತಿ ಬೇಕು. ಹೊರಗೆ 37.5%ಗೆ ಕಟ್ಟಿ ಒಳಗೆ ಅದು ಬೆಳೆಯುತ್ತಲೇ ಇದ್ದರೆ, ಲೋಡ್ ಇಳಿದ ಮೇಲೂ ಅದು ಕರಗಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಔಟ್‌ಪುಟ್ ಓವಿ ಮಿತಿಗೆ ಹೋಗಿ ಬಡಿಯುತ್ತದೆ. ಕಾರಣವಿಲ್ಲದೆ ಓವಿ ಟ್ರಿಪ್ ಎಂದು ಬರುವ ದೂರುಗಳಲ್ಲಿ ನಾನು ಮೊದಲು ಹುಡುಕುವುದು ಇದನ್ನೇ.

ತಾಮ್ರತಂತಿ

ಮೇಲಿನ ಫೆಟ್ ಶಾರ್ಟ್ ಆದರೆ ನಿಮ್ಮ ಓವಿ ಟ್ರಿಪ್ ಕೂಡ ಏನೂ ಮಾಡಲಾಗದು. ಪಿಡಬ್ಲ್ಯೂಎಂ ನಿಲ್ಲಿಸಿದರೆ ಶಾರ್ಟ್ ಹೋಗುತ್ತದೆಯೇ?

ಹಳೇಸೋಲ್ಡರ್

ಈ ಪ್ರಶ್ನೆ ಸರಿಯಾಗಿ ಬಂತು. ಹೋಗುವುದಿಲ್ಲ. ಅದಕ್ಕೇ ಟ್ರಿಪ್ ಆದಾಗ ಏನು ಮಾಡಬೇಕು ಎನ್ನುವುದು ಮಿತಿ ಎಷ್ಟು ಎನ್ನುವಷ್ಟೇ ಮುಖ್ಯ. ದಾರಿ ಎರಡು. ಕೆಳಗಿನ ಫೆಟ್ ಆನ್ ಮಾಡಿ ಹಿಡಿದಿಟ್ಟರೆ ಇನ್‌ಪುಟ್ ಪೂರ್ತಿ ಶಾರ್ಟ್ ಆಗಿ ಫ್ಯೂಸ್ ಹಾರುತ್ತದೆ, ಲೋಡ್ ಉಳಿಯುತ್ತದೆ. ಪ್ರೊಸೆಸರ್‌ಗಳಿಗೆ ಪವರ್ ಕೊಡುವ ಕಂಟ್ರೋಲರ್‌ಗಳಲ್ಲಿ ಇದು ಮಾಮೂಲಿ. ಇನ್ನೊಂದು, ಇನ್‌ಪುಟ್‌ನಲ್ಲಿ ಇ-ಫ್ಯೂಸ್ (ಎಲೆಕ್ಟ್ರಾನಿಕ್ ಫ್ಯೂಸ್) ಇಟ್ಟು ಓವಿ ಸಿಗ್ನಲ್‌ನಿಂದ ಅದನ್ನೇ ಕಡಿಯುವುದು.

ಕೆಳಗಿನ ಫೆಟ್ ಆನ್ ಮಾಡುವವರು ಒಂದು ವಿಷಯ ನೋಡಿಕೊಳ್ಳಿ. ಅದೇ ಔಟ್‌ಪುಟ್ ಬಸ್‌ಗೆ ಬೇರೆ ಕನ್ವರ್ಟರ್‌ಗಳೂ ಜೋಡಿಸಿದ್ದರೆ, ನಡುವೆ ಓರಿಂಗ್ ಫೆಟ್ (ಬಸ್‌ನಿಂದ ಹಿಂದಕ್ಕೆ ಕರೆಂಟ್ ಬಾರದಂತೆ ತಡೆಯುವುದು) ಇಲ್ಲದಿದ್ದರೆ, ನೀವು ಇಡೀ ಬಸ್ ಅನ್ನೇ ಶಾರ್ಟ್ ಮಾಡುತ್ತೀರಿ. ಒಂದು ಕೆಟ್ಟದ್ದಕ್ಕೆ ಎಲ್ಲವೂ ಮಲಗುತ್ತವೆ.

ಓವಿಗೆ ಲ್ಯಾಚ್ ಇರಲಿ, ತಾನಾಗಿ ಮತ್ತೆ ಶುರುವಾಗುವುದು ಬೇಡ. ಓವರ್‌ಕರೆಂಟ್‌ಗೆ ಮರುಪ್ರಯತ್ನ ಸರಿ, ಲೋಡ್ ಸರಿಹೋಗಿರಬಹುದು. ಓವಿ ಬಂದಿದೆ ಎಂದರೆ ಕನ್ವರ್ಟರ್‌ನೊಳಗೇ ಏನೋ ಕೆಟ್ಟಿರುವ ಸಾಧ್ಯತೆ ಜಾಸ್ತಿ. ಮತ್ತೆ ಮತ್ತೆ ಶುರು ಮಾಡಿದರೆ ಅಷ್ಟೂ ಸಲ ಲೋಡ್‌ಗೆ ಏಟು.

ಬಸ್‌ಮಾಸ್ಟರ್

ನಾನು ಬಸ್‌ನ ಆ ಕಡೆ ಕೂರುವವನು, ಅಂದರೆ ನಿಮ್ಮ ಕನ್ವರ್ಟರ್‌ಗೆ ಸಂಖ್ಯೆ ಬರೆಯುವ ಹೋಸ್ಟ್ ಕಡೆ. ಅಲ್ಲಿಂದ ಬರುವ ಅಪಾಯಗಳನ್ನು ಇಲ್ಲಿ ಯಾರೂ ಎತ್ತಿಲ್ಲ.

ವಿಔಟ್ ಮೋಡ್‌ನಲ್ಲಿ ಎಕ್ಸ್‌ಪೊನೆಂಟ್ (ಬರೆದ ಸಂಖ್ಯೆಯನ್ನು ವೋಲ್ಟ್ ಮಾಡಲು ಎರಡರ ಎಷ್ಟನೇ ಘಾತದಿಂದ ಗುಣಿಸಬೇಕು ಎನ್ನುವುದು) ಎಷ್ಟು ಇಟ್ಟಿದ್ದೀರಿ? ಮೈನಸ್ 12 ಆದರೆ 1 ವೋಲ್ಟ್‌ಗೆ 4096, 12 ವೋಲ್ಟ್‌ಗೆ 49152. 16 ಬಿಟ್‌ನಲ್ಲಿ 16 ವೋಲ್ಟ್ ಹಿಡಿಯುವುದಿಲ್ಲ. ಪರೀಕ್ಷೆಗೆ ಮಿತಿ ದೂರ ಇರಲಿ ಎಂದು ಯಾರೋ 16.5 ಬರೆಯುತ್ತಾರೆ. ಲೆಕ್ಕದಲ್ಲಿ 67584, ಬಿಟ್ ಉಕ್ಕಿ ಉಳಿಯುವುದು 2048, ಅಂದರೆ 0.5 ವೋಲ್ಟ್. ಕನ್ವರ್ಟರ್ ಶುರುವಾದ ಕೂಡಲೇ ಓವಿ ಟ್ರಿಪ್. ಆಮೇಲೆ ಎಲ್ಲರೂ ಹಾರ್ಡ್‌ವೇರ್ ಬಿಚ್ಚಿ ನೋಡುತ್ತಿರುತ್ತಾರೆ.

ಇದಕ್ಕಿಂತ ಕೆಟ್ಟದ್ದು ಎಕ್ಸ್‌ಪೊನೆಂಟ್ ಹೊಂದದಿರುವುದು. ಹೋಸ್ಟ್ ಮೈನಸ್ 12 ಎಂದುಕೊಂಡು 49152 ಬರೆಯಿತು, ಸಾಧನದಲ್ಲಿ ಮೈನಸ್ 9 ಇದೆ ಎಂದಿಟ್ಟುಕೊಳ್ಳಿ. ಸಾಧನಕ್ಕೆ ಅದು 96 ವೋಲ್ಟ್ ಎಂದು ಕಾಣುತ್ತದೆ. ವಿಔಟ್ ಮ್ಯಾಕ್ಸ್ ಇಲ್ಲಿ ಉಳಿಸಬೇಕು. ಆದರೆ ಅದೇ ಸ್ಕ್ರಿಪ್ಟ್ ಒಂದು ಸಾಲು ಹಿಂದೆ ವಿಔಟ್ ಮ್ಯಾಕ್ಸ್‌ಗೂ 12.5 ಬರೆದಿರುತ್ತದೆ. ಅದೂ ಎಂಟು ಪಟ್ಟಾಗಿ 100 ವೋಲ್ಟ್ ಆಗಿದೆ. ಎರಡೂ ಒಂದೇ ಕಡೆಗೆ ತಪ್ಪಿದವು, ಕಾವಲು ಹೋಯಿತು. ಹಾಗಾಗಿ ಫರ್ಮ್‌ವೇರ್‌ನಲ್ಲಿ ಬಸ್‌ನಿಂದ ಮುಟ್ಟಲಾಗದ ಒಂದು ಸ್ಥಿರ ಮಿತಿ ಇರಲಿ. ವಿಔಟ್ ಮ್ಯಾಕ್ಸ್‌ಗೆ ಏನೇ ಬರೆದರೂ ಅದಕ್ಕಿಂತ ಮೇಲೆ ಸ್ವೀಕರಿಸಬಾರದು. ಕೆಲವು ಮಾಡ್ಯೂಲ್‌ಗಳು ಪಿನ್‌ಗೆ ಹಾಕಿದ ರೆಸಿಸ್ಟರ್ ನೋಡಿ ಈ ಮಿತಿ ತೀರ್ಮಾನಿಸುತ್ತವೆ. ಅದೂ ಒಳ್ಳೆಯ ಪದ್ಧತಿ.

ಮಾರ್ಜಿನ್ ಪರೀಕ್ಷೆ (ಬೇಕೆಂದೇ ಔಟ್‌ಪುಟ್ ಸ್ವಲ್ಪ ಏರಿಸಿ ಇಳಿಸಿ ನೋಡುವುದು) ಮಾಡುವವರು ನೆನಪಿಡಿ. ವಿಔಟ್ ಮ್ಯಾಕ್ಸ್ 12.5 ಇಟ್ಟು, ಮಾರ್ಜಿನ್ ಹೈ 5% ಎಂದು 12.6 ಬರೆದರೆ ಔಟ್‌ಪುಟ್ ಹೋಗುವುದು 12.5ಕ್ಕೆ ಮಾತ್ರ. ಸ್ಟೇಟಸ್ ವಿಔಟ್‌ನ 3ನೇ ಬಿಟ್ (ವಿಔಟ್ ಮ್ಯಾಕ್ಸ್ ವಾರ್ನಿಂಗ್) ನೋಡದಿದ್ದರೆ 12.6ರಲ್ಲಿ ಪಾಸ್ ಎಂದು ವರದಿ ಬರೆದುಬಿಡುತ್ತೀರಿ.

ಔಟ್‌ಪುಟ್ ಬದಲಿಸುವಾಗ ಬರೆಯುವ ಕ್ರಮವೂ ಮುಖ್ಯ. 12ರಿಂದ 10ಕ್ಕೆ ಇಳಿಸಬೇಕು, ಯುವಿ (ಅಂಡರ್‌ವೋಲ್ಟೇಜ್) ಫಾಲ್ಟ್ 10.8ರಲ್ಲಿದೆ ಎನ್ನಿ. ಮೊದಲು ಯುವಿ ಇಳಿಸಿ, ಆಮೇಲೆ ಕಮಾಂಡ್, ಔಟ್‌ಪುಟ್ ನಿಜಕ್ಕೂ ಇಳಿದ ಮೇಲೆ ಓವಿ. ಏರಿಸುವಾಗ ಉಲ್ಟಾ, ಓವಿ ಮೊದಲು, ಯುವಿ ಕೊನೆಗೆ. ಇಳಿದಿದೆ ಎಂದು ಟೈಮರ್ ನೋಡಿ ನಂಬಬೇಡಿ, ರೀಡ್ ವಿಔಟ್ ನೋಡಿ. ಕಡಿಮೆ ಲೋಡ್ ಇದ್ದು ಡಯೋಡ್ ಎಮ್ಯುಲೇಷನ್ (ಕರೆಂಟ್ ಹಿಂದಕ್ಕೆ ಹರಿಯದಂತೆ ಕೆಳಗಿನ ಫೆಟ್ ಆಫ್ ಮಾಡುವ ವಿಧಾನ) ಓಡುತ್ತಿದ್ದರೆ ಕೆಪಾಸಿಟರ್ ಖಾಲಿಯಾಗುವುದು ನಿಧಾನ. ಪಿಎಂಬಸ್ 1.3ರಲ್ಲಿ ವಿಔಟ್ ಮೋಡ್‌ನ ಮೇಲಿನ ಬಿಟ್‌ನಿಂದ ಮಿತಿಗಳನ್ನು ಕಮಾಂಡ್‌ಗೆ ಸಾಪೇಕ್ಷವಾಗಿ ಇಡಬಹುದು. ನಿಮ್ಮ ಫರ್ಮ್‌ವೇರ್‌ನಲ್ಲಿ ಅದನ್ನು ಮಾಡಿದರೆ ಈ ಕ್ರಮದ ತಲೆನೋವು ಕಡಿಮೆ. ಆದರೆ ಆಗ ಮೇಲೆ ಹೇಳಿದ ಸ್ಥಿರ ಮಿತಿ ಇನ್ನೂ ಜಾಸ್ತಿ ಬೇಕು, ಯಾಕೆಂದರೆ ಕಮಾಂಡ್ ತಪ್ಪಾದರೆ ಓವಿ ಮಿತಿಯೂ ಅದರ ಹಿಂದೆಯೇ ಹೋಗುತ್ತದೆ.

ಪೆಕ್ (ಬಸ್ ಸಂದೇಶದಲ್ಲಿ ತಪ್ಪು ಹಿಡಿಯುವ ಬೈಟ್) ಆನ್ ಮಾಡಿ. ಸೆಟ್ಟಿಂಗ್ ಮುಗಿದ ಮೇಲೆ ರೈಟ್ ಪ್ರೊಟೆಕ್ಟ್ ಹಾಕಿ. ಸ್ಟೋರ್ ಕಮಾಂಡ್ ಕೊಡುವ ಮೊದಲು ಎಲ್ಲ ಮಿತಿಗಳನ್ನೂ ಓದಿ ತಾಳೆ ನೋಡಿ.

ಸೊನ್ನೆವೋಲ್ಟ್

ನಮ್ಮದು ಮೈನಸ್ 12. ಸ್ಥಿರ ಮಿತಿ ಇರಲಿಲ್ಲ, ಸೇರಿಸುತ್ತೇನೆ. ಮಾನಿಟರ್‌ಗೆ ಬೇರೆ ಡಿವೈಡರ್ ಹೇಗೂ ಇದೆ. ಮೈಕ್ರೋಕಂಟ್ರೋಲರ್ ಒಳಗೆ ಅನಲಾಗ್ ಕಂಪೇರೇಟರ್ ಕೂಡ ಇದೆ, ಪಿಡಬ್ಲ್ಯೂಎಂ ಅನ್ನು ನೇರವಾಗಿ ನಿಲ್ಲಿಸುತ್ತದೆ. ಅದನ್ನು ಬಳಸಿದರೆ ಹೊರಗೆ ಇನ್ನೊಂದು ಕಂಪೇರೇಟರ್ ಬೇಕೇ?

ರಿಪಲ್‌ರಾಣಿ

ಒಳಗಿನದನ್ನು ಖಂಡಿತ ಬಳಸಿ. ಸಾಫ್ಟ್‌ವೇರ್ ಇಂಟರಪ್ಟ್‌ಗಿಂತ ಎಷ್ಟೋ ಬೇಗ. ಹೊರಗಿನದೂ ಬೇಕು. ಕಾರಣ ನಿಮ್ಮ ರೆಫರೆನ್ಸ್. ಅದು ಬೇರೆ ಚಿಪ್‌ನಿಂದ ಬರುತ್ತದೆಯೇ, ಇಲ್ಲಾ 3.3 ವೋಲ್ಟ್ ಸಪ್ಲೈಯೇ ರೆಫರೆನ್ಸೇ?

ಸೊನ್ನೆವೋಲ್ಟ್

ಸಪ್ಲೈಯೇ ರೆಫರೆನ್ಸ್.

ರಿಪಲ್‌ರಾಣಿ

ಹಾಗಾದರೆ ನಾನು ಮೇಲೆ ಹಿಡಿದ 1% ಕೂಡ ಧಾರಾಳದ ಲೆಕ್ಕ. ಆ 3.3 ಯಾವುದೋ ಕಾರಣಕ್ಕೆ 3.5 ಆಯಿತು ಎಂದುಕೊಳ್ಳಿ. ಎಡಿಸಿಗೆ ಎಲ್ಲವೂ 6% ಕಡಿಮೆ ಕಾಣುತ್ತದೆ. ಲೂಪ್ ಔಟ್‌ಪುಟ್ ಅನ್ನು 12.7ಕ್ಕೆ ಏರಿಸಿ 12 ಎಂದು ವರದಿ ಮಾಡುತ್ತದೆ. ಓವಿ ಮಿತಿಯೂ ಅದೇ 6% ಮೇಲೆ ಸರಿದು 14.3 ಆಗಿರುತ್ತದೆ. ಒಳಗಿನ ಕಂಪೇರೇಟರ್‌ನ ಡಿಎಸಿಯೂ (ಹೋಲಿಕೆಯ ವೋಲ್ಟೇಜ್ ಕೊಡುವ ಭಾಗ) ಅದೇ ಸಪ್ಲೈ ಮೇಲೆ ನಿಂತಿದ್ದರೆ ಅದೂ ಜೊತೆಗೇ ಹೋಯಿತು. ಡಿವೈಡರ್ ಎಷ್ಟು ಇದ್ದರೂ ರೆಫರೆನ್ಸ್ ಒಂದೇ ಆದರೆ ಎಲ್ಲವೂ ಒಂದೇ ದಿಕ್ಕಿಗೆ ಸುಳ್ಳು ಹೇಳುತ್ತವೆ.

ಹೊರಗಿನ ಕಂಪೇರೇಟರ್‌ಗೆ ತನ್ನದೇ 2.5 ವೋಲ್ಟ್ ರೆಫರೆನ್ಸ್, ತನ್ನದೇ ಡಿವೈಡರ್ ಕೊಡಿ. ಅದೇ 4.7 ಮತ್ತು 1 ಕಿಲೋಓಮ್ ಬೆಲೆಗಳು ಇಲ್ಲೂ ಕೂರುತ್ತವೆ. 2.5 ಗುಣಿಸು 5.7 ಎಂದರೆ 14.25 ವೋಲ್ಟ್. 22 ಆಂಪಿಯರ್‌ನ ಜಿಗಿತ ಸೇರಿಸಿದರೂ 14.6, ಲೋಡ್‌ನ 15ಕ್ಕೆ ಒಳಗೇ. ಇದಕ್ಕೆ 0.1% ರೆಸಿಸ್ಟರ್ ಹಾಕಿ, 1% ಹಾಕಿದರೆ ಅಂಚು ತೀರಾ ತೆಳುವಾಗುತ್ತದೆ. ಅದರ ಔಟ್‌ಪುಟ್ ಮೈಕ್ರೋಕಂಟ್ರೋಲರ್‌ಗೆ ಹೋಗದೆ ಗೇಟ್ ಡ್ರೈವರ್‌ನ ಎನೇಬಲ್‌ಗೆ, ಇಲ್ಲವೇ ಇ-ಫ್ಯೂಸ್‌ಗೆ ನೇರವಾಗಿ ಹೋಗಲಿ. ಫರ್ಮ್‌ವೇರ್ ಹ್ಯಾಂಗ್ ಆದಾಗಲೂ ಅದು ಕೆಲಸ ಮಾಡಬೇಕು.

ಹಳೇಸೋಲ್ಡರ್

ಲೋಡ್ ಹತ್ತಿರದ ವೋಲ್ಟೇಜ್ ತಂದುಕೊಡುವ ರಿಮೋಟ್ ಸೆನ್ಸ್ ತಂತಿ ಇದೆಯೇ? ಇದ್ದರೆ ಕಂಪೇರೇಟರ್‌ನ ಡಿವೈಡರ್ ಅನ್ನು ಸೆನ್ಸ್ ತಂತಿಗೆ ಹಾಕಬೇಡಿ, ಕನ್ವರ್ಟರ್‌ನ ಸ್ವಂತ ಟರ್ಮಿನಲ್‌ಗೆ ಹಾಕಿ. ಸೆನ್ಸ್ ತಂತಿ ಕಿತ್ತುಹೋಗುವುದೇ ಓವರ್‌ವೋಲ್ಟೇಜ್‌ಗೆ ಒಂದು ಕಾರಣ. ಕಿತ್ತ ತಂತಿಯನ್ನೇ ನೋಡುತ್ತಾ ಕೂತ ಕಾವಲುಗಾರ ಯಾಕೆ ಬೇಕು? ಸೆನ್ಸ್ ಪಿನ್‌ನಿಂದ ಲೋಕಲ್ ಔಟ್‌ಪುಟ್‌ಗೆ ಕೆಲವು ಹತ್ತು ಓಮ್‌ನ ರೆಸಿಸ್ಟರ್ ಹಾಕಿ, ತಂತಿ ಹೋದರೆ ಲೂಪ್ ಲೋಕಲ್ ವೋಲ್ಟೇಜ್ ಹಿಡಿದುಕೊಳ್ಳುತ್ತದೆ.

ಆದರೆ ಟರ್ಮಿನಲ್‌ನಲ್ಲಿ ವೋಲ್ಟೇಜ್ ಲೋಡ್‌ಗಿಂತ ಜಾಸ್ತಿ ಇರುತ್ತದೆ. ತಂತಿಯ ಒಟ್ಟು ರೆಸಿಸ್ಟೆನ್ಸ್ 15 ಮಿಲಿಓಮ್ ಇದ್ದರೆ 20 ಆಂಪಿಯರ್‌ಗೆ 0.3 ವೋಲ್ಟ್. ಲೋಡ್‌ನಲ್ಲಿ 12.5 ಇದ್ದಾಗ ಟರ್ಮಿನಲ್ 12.8. ನಿಮ್ಮ ವಾರ್ನಿಂಗ್ 12.9ಕ್ಕೆ ಇದ್ದರೆ ಅಳತೆಯ ಸಣ್ಣ ತಪ್ಪಿಗೂ ಸುಮ್ಮನೆ ಕೂಗುತ್ತಿರುತ್ತದೆ. ಅದನ್ನು 13.1ರ ಹತ್ತಿರ ಇಡಿ.

ಸೊನ್ನೆವೋಲ್ಟ್

ರಿಮೋಟ್ ಸೆನ್ಸ್ ಇದೆ. ತಂತಿಯ ಡ್ರಾಪ್ ಅಳೆದು ನೋಡುತ್ತೇನೆ. ಸದ್ಯಕ್ಕೆ ಬರೆದುಕೊಂಡದ್ದು ಹೀಗಿದೆ. ವಿಔಟ್ ಮ್ಯಾಕ್ಸ್ 12.5, ಫರ್ಮ್‌ವೇರ್ ಒಳಗಿನ ಸ್ಥಿರ ಮಿತಿಯೂ 12.5. ವಾರ್ನಿಂಗ್ 13.1. ಓವಿ ಫಾಲ್ಟ್ 13.5, ಒಳಗಿನ ಕಂಪೇರೇಟರ್‌ನಲ್ಲಿ, ಲ್ಯಾಚ್. ಹೊರಗಿನ ಕಂಪೇರೇಟರ್ 14.25, ಇ-ಫ್ಯೂಸ್‌ಗೆ. ಎಡಿಸಿಗೆ ಬೇರೆ ರೆಫರೆನ್ಸ್ ಚಿಪ್. ಯುವಿ ಬಗ್ಗೆ ಯಾರೂ ಹೇಳಲಿಲ್ಲ, 10.8 ಇರಲಿ ಎಂದುಕೊಂಡಿದ್ದೇನೆ.

ಲೂಪ್‌ಗೇನ್

ಯುವಿಗೆ ಅವಸರವಿಲ್ಲ. ಕಡಿಮೆ ವೋಲ್ಟೇಜ್‌ನಿಂದ ಲೋಡ್ ರೀಸೆಟ್ ಆಗಬಹುದು, ಸುಡುವುದು ಅಪರೂಪ. ಕೆಲವು ನೂರು ಮೈಕ್ರೋಸೆಕೆಂಡ್ ತಡ ಇಡಿ, ಇಲ್ಲದಿದ್ದರೆ ಲೋಡ್ ಏರಿದಾಗಲೆಲ್ಲ ಟ್ರಿಪ್ ಆಗುತ್ತದೆ. ಸಾಫ್ಟ್ ಸ್ಟಾರ್ಟ್ (ಶುರುವಿನಲ್ಲಿ ಔಟ್‌ಪುಟ್ ನಿಧಾನವಾಗಿ ಏರುವ ಹೊತ್ತು) ಮುಗಿಯುವವರೆಗೆ ಯುವಿ ನೋಡಬೇಡಿ. ಆ ಹೊತ್ತಿನಲ್ಲಿ ಔಟ್‌ಪುಟ್ ಏಳದಿದ್ದರೆ ಹಿಡಿಯಲು ಟಾನ್ ಮ್ಯಾಕ್ಸ್ ಮಿತಿ ಇದೆ. ಓವಿಯನ್ನು ಮಾತ್ರ ಸಾಫ್ಟ್ ಸ್ಟಾರ್ಟ್‌ನಲ್ಲೂ ಆಫ್ ಮಾಡಬೇಡಿ.

ಹಳೇಸೋಲ್ಡರ್

ಹೊಸ ಬೋರ್ಡ್ ಬಂದ ಮೇಲೆ ಮಿತಿ ಇಳಿಸಿ ಪರೀಕ್ಷೆ ಮಾಡಬೇಡಿ. ಲೋಡ್ ಕಳಚಿ, ಪಿಡಬ್ಲ್ಯೂಎಂ ನಿಲ್ಲಿಸಿ, ಬೆಂಚ್ ಸಪ್ಲೈನ ಕರೆಂಟ್ ಮಿತಿ ಸಣ್ಣದಿಟ್ಟು ಡಯೋಡ್ ಮೂಲಕ ನಿಧಾನವಾಗಿ 14.6ರವರೆಗೆ ಏರಿಸಿ. ವಾರ್ನಿಂಗ್, ಓವಿ, ಹೊರಗಿನ ಕಂಪೇರೇಟರ್, ಮೂರೂ ಎಲ್ಲೆಲ್ಲಿ ಬಂದವು ಎಂದು ಮೀಟರ್ ನೋಡಿ ಬರೆದುಕೊಳ್ಳಿ. ರೀಡ್ ವಿಔಟ್ ನೋಡಿ ಅಲ್ಲ. ಆಮೇಲೆ ಮೈಕ್ರೋಕಂಟ್ರೋಲರ್ ಅನ್ನು ರೀಸೆಟ್‌ನಲ್ಲಿ ಹಿಡಿದು ಇನ್ನೊಮ್ಮೆ ಮಾಡಿ. ಆಗಲೂ 14.25ರ ಹತ್ತಿರ ಇ-ಫ್ಯೂಸ್ ಬೀಳಬೇಕು.

ತಾಮ್ರತಂತಿ

ಮತ್ತೆ ಡ್ಯೂಟಿ ಮಿತಿ? ಅದನ್ನು ಪಟ್ಟಿಯಲ್ಲಿ ಹಾಕಲೇ ಇಲ್ಲ.

ಸೊನ್ನೆವೋಲ್ಟ್

ಹಾಕುತ್ತೇನೆ ಸರ್, 13.5 ಭಾಗಿಸು ಇನ್‌ಪುಟ್, ಅದರ ಮೇಲೆ ಸ್ವಲ್ಪ ಸಡಿಲ. ಎಷ್ಟು ಸಡಿಲ ಎನ್ನುವುದನ್ನು ಲೋಡ್ ಸ್ಟೆಪ್ ಕೊಟ್ಟು ಕುಸಿತ ನೋಡಿ ತೀರ್ಮಾನಿಸುತ್ತೇನೆ. ಇಂಟಿಗ್ರೇಟರ್‌ಗೂ ಅದೇ ಮಿತಿ.